ಪದಚರ್ಚೆ: ಬಸ್ಸಿಳಿಯುವಾಗಿನ ‘ಚಿಯರ್ಸ್, ಡ್ರೈವ್’ಗೆ ಕನ್ನಡ ಬೇಕು (ತುರ್ತು)

ಬಳಗಕ್ಕೆ ನಮಸ್ಕಾರ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆಯುವ ಒಂದು ಕಥೆಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಸಂಪಾದಕರಿಗೆ ಕೊಡಬೇಕು. ಅಲ್ಲಿ ಬಸ್ಸಿನಿಂದ ಇಳಿಯುವವರು ಚಾಲಕರಿಗೆ ‘ಚಿಯರ್ಸ್, ಡ್ರೈವ್’ ಎನ್ನುತ್ತಾರೆ. ಡ್ರೈವರ್ ಅಲ್ಲ, ಡ್ರೈವ್. ಕಂಡಕ್ಟರ್ ಇಲ್ಲದ ಬಸ್ಸು. ಹತ್ತುವುದೂ ಇಳಿಯುವುದೂ ಮುಂಬಾಗಿಲಲ್ಲೇ, ಹಾಗಾಗಿ ಎಲ್ಲರೂ ಚಾಲಕರ ಪಕ್ಕದಲ್ಲೇ ಹಾದುಹೋಗಬೇಕು. ಶಾಲೆಯ ಹುಡುಗಿಯೂ ಹೇಳುತ್ತಾಳೆ, ಮುದುಕರೂ ಹೇಳುತ್ತಾರೆ. ನನ್ನ ಬಳಿಯಿರುವ ನಿಘಂಟಿನಲ್ಲಿ ಮದ್ಯದ ಲೋಟ ಎತ್ತುವಾಗಿನ ಉದ್ಗಾರ ಎಂದಷ್ಟೇ ಇದೆ. ‘ಧನ್ಯವಾದಗಳು, ಚಾಲಕರೇ’ ಎಂದು ಬರೆದು ನೋಡಿದೆ. ಹುಡುಗಿ ವಂದನಾರ್ಪಣೆಗೆ ವೇದಿಕೆ ಹತ್ತಿದಂತಿದೆ. ಬೇಗ ತಿಳಿಸಿದರೆ ಉಪಕಾರ.

ಮರು:

ಇದರಲ್ಲಿ ತೊಡಕೇನಿದೆ? ನನ್ನಿ. ನಮ್ಮದೇ ಒರೆ ಇರುವಾಗ ಧನ್ಯವಾದ, ಥ್ಯಾಂಕ್ಸ್ ಎಂದು ಎರವಲಿಗೆ ಕೈಚಾಚುವುದೇಕೆ? ‘ನನ್ನಿ, ಬಸ್ಸೋಡಿಸುಗರೇ’ ಎಂದು ಬರೆಯಿರಿ. ಬಳಸಿದರೆ ತಾನೇ ರೂಢಿಯಾಗುತ್ತದೆ.

ಮರು:

ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ. ಗಂಗರ ಇಮ್ಮಡಿ ಬೂತುಗನನ್ನು ‘ನನ್ನಿಯ ಗಂಗ’ ಎಂದು ಕರೆದದ್ದು ಅವನು ಕಂಡಕಂಡವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದನೆಂದಲ್ಲ. ತಮಿಳಿನ ನನ್ರಿಯನ್ನು ನೋಡಿ ಈಚೆಗೆ ಅಂಟಿಸಿಕೊಂಡ ಅರ್ಥ ಇದು. ತಮಿಳಿನ ಒನ್ರು ನಮ್ಮಲ್ಲಿ ಒಂದು, ಪನ್ರಿ ನಮ್ಮಲ್ಲಿ ಹಂದಿ. ಆ ಲೆಕ್ಕದಲ್ಲಿ ನನ್ರಿಯು ನಂದಿ ಆಗಬೇಕು. ಚಾಲಕರ ಮುಖ ನೋಡಿ ‘ನಂದಿ’ ಎಂದು ಹೇಳಿ ಇಳಿಯಿರಿ, ಏನಾಗುತ್ತದೋ ನೋಡೋಣ.

ಓಡಿಸುಗ ನಿಮ್ಮದು, ಒಪ್ಪಿದೆ. ಬಸ್ಸು ಯಾರದು? ಲ್ಯಾಟಿನ್ನಿನಲ್ಲಿ ‘ಎಲ್ಲರಿಗಾಗಿ’ ಎಂಬ ಅರ್ಥದ ಆಮ್ನಿಬಸ್ ಎಂಬುದರ ತಲೆ ಕತ್ತರಿಸಿದ ಮೇಲೆ ಉಳಿದ ಚತುರ್ಥಿಯ ಬಾಲ ಅದು. ಬರಿಯ ವಿಭಕ್ತಿ ಪ್ರತ್ಯಯದ ಮೇಲೆ ಹತ್ತಿ ಕುಳಿತು ಶುದ್ಧಿಯ ಮಾತಾಡಬೇಡಿ.

ಮರು:

ಚತುರ್ಥಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಆ ‘ಬಸ್’ ಮತ್ತು ಸಂಸ್ಕೃತದ ‘ಭ್ಯಃ’ ದಾಯಾದಿಗಳು. ಚಿಯರ್ಸ್ ಕೂಡ ಪರಕೀಯವೇನಲ್ಲ. ಹಳೆಯ ಫ್ರೆಂಚಿನ ‘ಚಿಯೆರ್’ ಎಂದರೆ ಮುಖ. ಅದು ಕಡೆಗಾಲದ ಲ್ಯಾಟಿನ್ನಿನ ‘ಕಾರಾ’ದಿಂದ ಬಂದದ್ದು, ಗ್ರೀಕಿನಲ್ಲಿ ‘ಕಾರಾ’ ಎಂದರೆ ತಲೆ, ನಮ್ಮ ಶಿರಸ್ಸಿನ ಬಂಧು. ಇಂಗ್ಲಿಷಿಗೆ ಬಂದ ಮೇಲೆ ಮುಖ ಹೋಗಿ ಮುಖಭಾವವಾಯಿತು, ಬಳಿಕ ಮನಸ್ಸಿನ ಸ್ಥಿತಿ, ಕೊನೆಗೆ ಉಲ್ಲಾಸವೊಂದೇ ಉಳಿಯಿತು. ಲೋಟ ಎತ್ತುವ ಚಿಯರ್ಸ್ 20ನೇ ಶತಮಾನದ್ದು, ಬ್ರಿಟನ್ನಿನಲ್ಲಿ ಕೃತಜ್ಞತೆಯ ಅರ್ಥ ಬಂದದ್ದು ಅದಕ್ಕೂ ಈಚೆಗೆ. ಮೂಲವನ್ನು ಉಳಿಸಿಕೊಂಡು ‘ಶಿರಬಾಗಿದೆ’ ಎನ್ನಬಹುದು.

ಮರು:

ಅರಿಸಮಾಸ: ಸಂಸ್ಕೃತದ ಶಿರಕ್ಕೆ ಕನ್ನಡದ ಬಾಗು.

ಮರು:

ನಾಮಪದಕ್ಕೆ ಕ್ರಿಯಾಪದ ಸೇರುವ ಕ್ರಿಯಾಸಮಾಸದಲ್ಲಿ ಅರಿದೋಷ ಎಣಿಸುವುದಿಲ್ಲ. ವ್ಯಾಕರಣ ಸರಿಯಿದೆ, ಮಾತಿಗೆ ಜೀವ ಇಲ್ಲ.

ಮರು:

ನಾನು ಬ್ರಿಸ್ಟಲ್‌ನಲ್ಲೇ ವಾಸವಾಗಿರುವವನು. ಇಲ್ಲಿ ಯಾರೂ ಶಿರ ಬಾಗಿಸುವುದಿಲ್ಲ. ಹೆಚ್ಚಿನವರು ಚಾಲಕರ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಕಾಲು ಮೆಟ್ಟಿಲಿನಿಂದ ಕೆಳಗಿಟ್ಟಾಗ ಬಾಯಿಂದ ತಾನಾಗಿ ಬೀಳುವ ಮಾತು ಅದು. ಅಂಗಡಿಯಲ್ಲಿ ಹಣ ತೆಗೆದುಕೊಂಡವನೂ ಚಿಯರ್ಸ್ ಎನ್ನುತ್ತಾನೆ, ಚಿಲ್ಲರೆ ಪಡೆದವನೂ ಚಿಯರ್ಸ್ ಎನ್ನುತ್ತಾನೆ, ಹೊರಡುವಾಗ ಇನ್ನೊಂದು. ಹೀಗೆ ಕೃತಜ್ಞತೆ, ಒಪ್ಪಿಗೆ, ವಿದಾಯ ಮೂರೂ ಸೇರಿ ಯಾವುದಕ್ಕೂ ಭಾರವಿಲ್ಲ. ಧನ್ಯವಾದ ಸೋಲುವುದು ಸಂಸ್ಕೃತವೆಂದಲ್ಲ, ತೂಕ ಜಾಸ್ತಿಯೆಂದು.

ಕನ್ನಡದಲ್ಲಿ ಇಷ್ಟೇ ಹಗುರಾದ, ಹೊರಡುವಾಗಲೇ ಬರುವ ಮಾತು ‘ಬರುತ್ತೇನೆ’. ‘ಹೋಗುತ್ತೇನೆ’ ಎನ್ನಬಾರದೆಂದು ನಮ್ಮ ಅಜ್ಜಿಯರು ಗದರಿಸಿ ಕಲಿಸಿದ್ದು. ‘ಬರುತ್ತೇನಣ್ಣ’ ಎಂದು ಹಾಕಿ.

ಒಂದು ಎಚ್ಚರಿಕೆ. ಕಥೆಯಲ್ಲಿ ಚಾಲಕರು ಪ್ರಯಾಣಿಕರಿಗೆ ‘ಮೈ ಲವರ್’ ಎಂದರೆ ಗಾಬರಿಯಾಗಬೇಡಿ. ಈ ಸೀಮೆಯಲ್ಲಿ ಗುರುತಿಲ್ಲದವರನ್ನೂ ಹಾಗೆ ಕರೆಯುತ್ತಾರೆ. ‘ನನ್ನ ಪ್ರಿಯತಮೆ’ ಎಂದು ಅನುವಾದಿಸಿದರೆ ಕಥೆ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೆ.

ಮರು:

‘ಬರುತ್ತೇನೆ’ ಗುರುತಿದ್ದವರಿಗೆ ಹೇಳುವ ಮಾತು. ಅಪರಿಚಿತ ಚಾಲಕರಿಗೆ ಯಾರು ಹೇಳುತ್ತಾರೆ? ಅಣ್ಣ ಸೇರಿಸಿದರೆ ಬ್ರಿಸ್ಟಲ್ ಹೋಗಿ ಮಂಡ್ಯ ಬರುತ್ತದೆ. ‘ಚಿಯರ್ಸ್’ ಎಂದೇ ಇಡಿ. ಎರವಲಿಗೆ ಹೆದರುವವರು ನಮ್ಮ ಬಸ್ಸನ್ನೇ ಹತ್ತಿ ನೋಡಲಿ. ಇಂಗ್ಲಿಷಿನಲ್ಲಿ ಹೋಲ್ಡ್ ಆನ್ ಎಂದರೆ ಗಟ್ಟಿಯಾಗಿ ಹಿಡಿದುಕೋ, ಇಲ್ಲವೇ ಸ್ವಲ್ಪ ತಾಳು. ನಮ್ಮ ಕಂಡಕ್ಟರ್ ‘ಹೋಲ್ಡಾನ್’ ಎಂದರೆ ಬಸ್ಸು ನಿಲ್ಲಬೇಕು. ‘ರೈಟ್ ರೈಟ್’ ಎಂದರೆ ಹೊರಡಬೇಕು, ಬಲಕ್ಕೆ ತಿರುಗಬೇಕೆಂದಲ್ಲ. ಎರಡನ್ನೂ ಯಾವ ಪಂಡಿತರ ಅಪ್ಪಣೆಗೂ ಕಾಯದೆ ತೆಗೆದುಕೊಂಡು, ಅರ್ಥವನ್ನು ತಮಗೆ ಬೇಕಾದಂತೆ ತಿರುಗಿಸಿ, ಹಳ್ಳಿಹಳ್ಳಿಗೂ ಮುಟ್ಟಿಸಿದ್ದಾರೆ.

ಮರು:

ಅಂದರೆ ತೆಗೆದುಕೊಂಡದ್ದೆಲ್ಲ ಸರಿಯೇ? ‘ನಿಲ್ಲಿಸಿ’, ‘ಹೋಗಲಿ’ ಎಂದರೆ ಗಾಡಿ ಓಡುವುದಿಲ್ಲವೇ? ಸಂಸ್ಕೃತದ ಹೊರೆ ಇಳಿಸಿ ಇಂಗ್ಲಿಷಿನ ಹೊರೆ ಹೊರಿಸುವ ಜಾಣತನ ಇದು.

ಮರು:

‘ನಿಲ್ಲಿಸಿ’ ಎಂದು ಪ್ರಯಾಣಿಕರೂ ಕೂಗುತ್ತಾರೆ. ‘ಹೋಲ್ಡಾನ್’ ಕಂಡಕ್ಟರ್ ಬಾಯಿಂದಲೇ ಬರಬೇಕು. ಆ ವ್ಯತ್ಯಾಸ ಉಳಿಸಿದ್ದು ಎರವಲು. ಅಚ್ಚಗನ್ನಡ ಪದಗಳ ಪಟ್ಟಿ ಮಾಡುವವರಿಗೆ ಇದು ಕಾಣುವುದಿಲ್ಲ.

ಮರು (ಪ್ರಶ್ನೆ ಕೇಳಿದವರಿಂದ):

ಎಲ್ಲರಿಗೂ ಕೃತಜ್ಞತೆ. ‘ಬರುತ್ತೇನೆ’ಯ ಹಗುರ ಹಿಡಿಸಿತು. ‘ಅಣ್ಣ’ ಆಗುವುದಿಲ್ಲ: ಚಾಲಕರು ಗಂಡೋ ಹೆಣ್ಣೋ ಎಂಬುದು ಕೊನೆಯ ಪುಟದವರೆಗೆ ಗುಟ್ಟಾಗಿರಬೇಕು, ಕಥೆ ನಿಂತಿರುವುದೇ ಅದರ ಮೇಲೆ. ‘ಡ್ರೈವ್’ ಎಂಬುದಕ್ಕೆ ಆ ತೊಂದರೆ ಇಲ್ಲ. ಅಪರಿಚಿತರಿಗೆ ‘ಬರುತ್ತೇನೆ’ ಎನ್ನುವುದಿಲ್ಲ ಎಂಬ ಆಕ್ಷೇಪ ನಿಜ, ಆದರೆ ಈ ಹುಡುಗಿ ದಿನವೂ ಅದೇ ಬಸ್ಸಿನಲ್ಲಿ ಹೋಗುವವಳು. ‘ಬರುತ್ತೇನೆ, ಡ್ರೈವರೇ’ ಎಂದು ಬರೆದು ಕಳುಹಿಸುತ್ತಿದ್ದೇನೆ. ಮುದುಕರ ಬಾಯಲ್ಲಿ ಚಿಯರ್ಸ್ ಹಾಗೆಯೇ ಇರುತ್ತದೆ.

ಮರು:

ಡ್ರೈವರೇ! ಕೊನೆಗೂ ಎರವಲೇ.

ಮರು:

ಕೇಳಿದವರಿಗೆ ಉತ್ತರ ಸಿಕ್ಕಿದೆ. ಎರವಲಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ.

ಮರು:

ತೆರೆಯುತ್ತೇನೆ. ಮೊದಲು ‘ಚರ್ಚೆ’ಗೆ ಕನ್ನಡ ಹೇಳಿ.