ಕಾರ್ ಲಿಫ್ಟ್ ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಏಳುತ್ತಿಲ್ಲ: ತೊಂದರೆ ಮೋಟಾರಿನದಾ, ವೈರಿನದಾ?

ಪ್ರಶ್ನೆ, ನಾಪೋಕ್ಲಿನಿಂದ

ಎಲ್ಲರಿಗೂ ನಮಸ್ಕಾರ. ಕೈಲ್‌ಪೊಳ್ದ್ (ಸೆಪ್ಟೆಂಬರಿನ ಕೊಡವರ ಆಯುಧ ಹಬ್ಬ) ಮುಗಿದ ಮೇಲೆ ಮನೆ ಹತ್ತಿರದ ಶೆಡ್ಡಿನಲ್ಲಿ ಎರಡು ಕಂಬದ ಲಿಫ್ಟ್ ಹಾಕಿಸಿದೆ. 4 ಟನ್ನಿನದು. ಮೋಟಾರ್ 2.2 ಕಿಲೋವ್ಯಾಟ್, ಸಿಂಗಲ್ ಫೇಸ್, 230 ವೋಲ್ಟ್. ಶೆಡ್ ಮೊದಲು ಕಾಫಿ ಕಣ ಆಗಿತ್ತು. ಮನೆಯ ಮೀಟರ್ ಬೋರ್ಡಿನಿಂದ ಅಲ್ಲಿಗೆ ಸುಮಾರು 40 ಮೀಟರ್. 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದು 16 ಆಂಪಿಯರ್ ಪಾಯಿಂಟ್ ಕೊಟ್ಟಿದ್ದೇವೆ.

ನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ. ಈಗ ಫೆಬ್ರವರಿಯಲ್ಲಿ ಶುರುವಾಗಿದೆ. ಗಾಡಿ ನೆಲದಿಂದ ಸರಿಯಾಗಿ ಏಳುತ್ತದೆ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಬಟನ್ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮನೆಯ ಲೈಟೆಲ್ಲಾ ಮಂಕಾಗಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ಜೀಪಿಗೆ ಒಮ್ಮೊಮ್ಮೆ ಆಗುತ್ತದೆ, ಇನ್ನೋವಾಗೆ ಪ್ರತಿ ಸಲ. ಸಂಜೆ ಜಾಸ್ತಿ. ಕೆಪಾಸಿಟರ್ ಹೊಸದು ಹಾಕಿ ನೋಡಿದೆ, ಬದಲಾಗಲಿಲ್ಲ. ಮಾರಿದವರು ಮೋಟಾರ್ ಬದಲಿಸಿ ಅನ್ನುತ್ತಾರೆ. ಎಲೆಕ್ಟ್ರಿಷಿಯನ್ ಸ್ಟೆಬಿಲೈಸರ್ ಹಾಕಿ ಅನ್ನುತ್ತಾರೆ. ಎರಡಕ್ಕೂ ದುಡ್ಡು ಕಡಿಮೆ ಇಲ್ಲ. ಯಾವುದು ಸರಿ?

ಉತ್ತರ, ಗೋಣಿಕೊಪ್ಪದಿಂದ

ದಯವಿಟ್ಟು ಸದ್ಯ ಎರಡನ್ನೂ ತಗೋಬೇಡಿ. ನಿಮ್ಮ ಮೋಟಾರ್ ಚೆನ್ನಾಗೇ ಇರಬೇಕು. ನೀವು ಬರೆದ ಒಂದು ಮಾತು ಮುಖ್ಯ: ನೆಲದಿಂದ ಏಳುತ್ತದೆ, ಅರ್ಧದಲ್ಲಿ ಏಳುವುದಿಲ್ಲ.

ನೆಲದಿಂದ ಶುರು ಮಾಡುವಾಗ ತೋಳುಗಳು ಖಾಲಿ ಇರುತ್ತವೆ. ಅವು ಗಾಡಿಯ ಚಾಸಿಗೆ ತಾಗುವಷ್ಟರಲ್ಲಿ ಮೋಟಾರ್ ಪೂರ್ತಿ ವೇಗ ಹಿಡಿದಿರುತ್ತದೆ. ಅರ್ಧಕ್ಕೆ ನಿಲ್ಲಿಸಿದಾಗ ಹಾಗಲ್ಲ. ಚೆಕ್ ವಾಲ್ವ್ ಎಣ್ಣೆಯನ್ನು ಹಿಡಿದಿಟ್ಟಿರುತ್ತದೆ, ಗಾಡಿಯ ಭಾರವೆಲ್ಲ ಅದರ ಮೇಲೆ ಇರುತ್ತದೆ. ಮತ್ತೆ ಬಟನ್ ಒತ್ತಿದ ಕ್ಷಣದಿಂದಲೇ ಪಂಪ್ ಆ ಒತ್ತಡದ ಎದುರು ತಿರುಗಬೇಕು. ಅದಕ್ಕೆ ಮೋಟಾರಿಗೆ ಒಳ್ಳೆ ಹಿಡಿತ, ಅಂದರೆ ತಿರುಗಿಸುವ ಬಲ (ಟಾರ್ಕ್) ಬೇಕು. ಆ ಹಿಡಿತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇದ್ದದ್ದು 180ಕ್ಕೆ ಇಳಿದರೆ ಹಿಡಿತ 61 ಶೇಕಡಾಕ್ಕೆ ಬರುತ್ತದೆ.

ಈಗ ಫೆಬ್ರವರಿ. ಕಾಫಿ ಹೂವಿಗೆ ಅಂತ ಎಲ್ಲ ತೋಟದಲ್ಲೂ ಸ್ಪ್ರಿಂಕ್ಲರ್ ಓಡುತ್ತಿದೆ. ಲೈನಿನಲ್ಲಿ ಕರೆಂಟ್ ಸೊರಗುವುದು ಸಹಜ. ಆದರೆ ಎಷ್ಟು ಲೈನಿನಲ್ಲಿ ಹೋಗುತ್ತಿದೆ, ಎಷ್ಟು ನಿಮ್ಮ 40 ಮೀಟರ್ ವೈರಿನಲ್ಲಿ ಹೋಗುತ್ತಿದೆ ಅಂತ ಬೇರೆ ಬೇರೆಯಾಗಿ ಗೊತ್ತಾಗಬೇಕು. ಎಲೆಕ್ಟ್ರಿಷಿಯನ್ ಕೈಲಿ ಎರಡು ಕಡೆ ಅಳತೆ ಮಾಡಿಸಿ: ಮೀಟರ್ ಬೋರ್ಡಿನಲ್ಲಿ ಮತ್ತು ಮೋಟಾರಿನ ಟರ್ಮಿನಲ್ಲಿನಲ್ಲಿ. ಎರಡು ಕಡೆಯೂ ಮೂರು ಸಲ: ಮೋಟಾರ್ ನಿಂತಿದ್ದಾಗ, ಓಡುವಾಗ, ಶುರುವಾಗುವ ಕ್ಷಣದಲ್ಲಿ. ಕೊನೆಯದಕ್ಕೆ ಮಲ್ಟಿಮೀಟರಿನ ಮಿನಿಮಮ್ ಬಟನ್ ಒತ್ತಿಟ್ಟುಕೊಳ್ಳಿ. ಶುರುವಾಗುವ ಕರೆಂಟ್ ಓಡುವ ಕರೆಂಟಿನ ಐದಾರು ಪಟ್ಟು ಇರುತ್ತದೆ, ಅದನ್ನು ಹಿಡಿಯದೆ ಏನೂ ಗೊತ್ತಾಗಲ್ಲ.

ಇನ್ನೊಂದು ಮಾತು. ಕಣದ ಕಾಂಕ್ರೀಟ್ ಮೇಲೇ ಲಿಫ್ಟ್ ನಿಲ್ಲಿಸಿದ್ದೀರಾ? ಕಣ ಹಾಕುವಾಗ ಕಾಫಿ ಒಣಗಿದರೆ ಸಾಕು ಅಂತ ಎರಡು ಮೂರು ಇಂಚು ಹಾಕಿರುತ್ತಾರೆ. ಹಾಗಿದ್ದರೆ ಇವತ್ತಿನಿಂದಲೇ ಗಾಡಿ ಎತ್ತಬೇಡಿ.

ಪ್ರಶ್ನೆ ಕೇಳಿದವರು

ನೆಲದ ಬಗ್ಗೆ ಚಿಂತೆ ಬೇಡ. ಕಂಬ ಬರುವ ಎರಡೂ ಜಾಗದಲ್ಲಿ ಕಣವನ್ನು ನಾಲ್ಕು ಅಡಿ ಚೌಕ ಕತ್ತರಿಸಿ, ಒಂದು ಅಡಿ ಆಳಕ್ಕೆ ಸರಳು ಕಟ್ಟಿ ಎಂ25 ಕಾಂಕ್ರೀಟ್ ಹಾಕಿಸಿದ್ದೇನೆ. 28 ದಿನ ಬಿಟ್ಟೇ ಬೋಲ್ಟ್ ಹೊಡೆದದ್ದು.

ಅಳತೆ ಸಿಕ್ಕಿತು, ಮಧ್ಯಾಹ್ನ ತೆಗೆದದ್ದು. ನಿಂತಿದ್ದಾಗ ಎರಡು ಕಡೆಯೂ 221. ಓಡುವಾಗ ಬೋರ್ಡಿನಲ್ಲಿ 217, ಮೋಟಾರಿನಲ್ಲಿ 208. ಶುರುವಾಗುವಾಗ ಬೋರ್ಡಿನಲ್ಲಿ 204, ಮೋಟಾರಿನಲ್ಲಿ 160. ಸಂಜೆ ಏಳು ಗಂಟೆಗೆ ಬೋರ್ಡಿನಲ್ಲೇ 205 ಇತ್ತು. ಎಂಸಿಬಿ ಮೇಲೆ ಬಿ16 ಅಂತ ಇದೆ.

ಉತ್ತರ, ಗೋಣಿಕೊಪ್ಪದಿಂದ

ನೋಡಿ, ಉತ್ತರ ನೀವೇ ಬರೆದಿದ್ದೀರಿ. ಶುರುವಾಗುವಾಗ ಒಟ್ಟು 61 ವೋಲ್ಟ್ ಬೀಳುತ್ತಿದೆ. ಅದರಲ್ಲಿ ಲೈನಿನ ಪಾಲು 17. ನಿಮ್ಮ ವೈರಿನ ಪಾಲು 44.

2.5ರ ತಾಮ್ರದ ವೈರಿಗೆ ಕಿಲೋಮೀಟರಿಗೆ 7.41 ಓಮ್ ತಡೆ. ಹೋಗಿ ಬರುವ ದಾರಿ 80 ಮೀಟರ್, ಅಂದರೆ ಸುಮಾರು 0.6 ಓಮ್. 15 ಆಂಪಿಯರ್ ಓಡುವಾಗ 9 ವೋಲ್ಟ್ ಹೋಗುತ್ತದೆ, ಅದು ದೊಡ್ಡದಲ್ಲ. 75 ಆಂಪಿಯರ್ ಎಳೆಯುವ ಆ ಕ್ಷಣದಲ್ಲಿ 44 ಹೋಗುತ್ತದೆ. 160 ವೋಲ್ಟಿಗೆ ಮೋಟಾರಿನ ಹಿಡಿತ ಅರ್ಧಕ್ಕಿಂತ ಕಡಿಮೆ. ಇನ್ನೋವಾ ಹೇಗೆ ಎದ್ದೀತು? ಅದು 1,800 ಕೆಜಿ ಆಸುಪಾಸಿನ ಗಾಡಿ ಅಲ್ವಾ.

ಹೊಸ ಮೋಟಾರ್ ಹಾಕಿದರೂ ಇದೇ ಕಥೆ ಆಗುತ್ತಿತ್ತು. ಸ್ಟೆಬಿಲೈಸರ್ ಹಾಕಿದರೂ ಅಷ್ಟೇ. ಸರ್ವೋ ಸ್ಟೆಬಿಲೈಸರ್ ನಿಧಾನಕ್ಕೆ ಸರಿಮಾಡುತ್ತದೆ, ಮೋಟಾರ್ ಶುರುವಾಗುವ ಒಂದು ಕ್ಷಣದ ಕುಸಿತವನ್ನು ಅದು ಹಿಡಿಯಲಾರದು.

10 ಚದರ ಮಿ.ಮೀ. ತಾಮ್ರ ಹಾಕಿ. ದುಬಾರಿ ಅನಿಸಿದರೆ 16ರ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಹಾಕಬಹುದು, ತಡೆ ಹೆಚ್ಚುಕಮ್ಮಿ ಅಷ್ಟೇ. ನಾನು ಅದನ್ನೇ ಹಾಕಿರುವುದು. ಎರಡೂವರೆ ಅಡಿ ಆಳಕ್ಕೆ ಹೂಳಿ, ಮೇಲೆ ಇಟ್ಟಿಗೆ ಸಾಲು ಇಡಿ. ನಮ್ಮ ಕಡೆ ಕಾಡುಹಂದಿ ಅಗೆಯುವುದು ನಿಮಗೆ ಹೇಳಬೇಕಾಗಿಲ್ಲ. ಕಂಬದಿಂದ ಕಂಬಕ್ಕೆ ತೂಗುಹಾಕಿದರೆ ಜೂನಿನಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಹೋಗುತ್ತದೆ. ಅಲ್ಯೂಮಿನಿಯಂ ತುದಿಗೆ ಸರಿಯಾದ ಲಗ್ ಒತ್ತಿಸಲೇಬೇಕು, ಸುಮ್ನೆ ಸುತ್ತಿ ಬಿಗಿದರೆ ಬಿಸಿಯಾಗುತ್ತದೆ.

ಎಂಸಿಬಿಯನ್ನೂ ಬದಲಿಸಿ. ಬಿ ಕರ್ವ್ ಎಂಸಿಬಿ ಮೂರರಿಂದ ಐದು ಪಟ್ಟು ಕರೆಂಟಿಗೇ ಬೀಳುತ್ತದೆ. ಮೋಟಾರಿಗೆ ಸಿ ಕರ್ವ್ ಬೇಕು. ಆದರೆ ಈ ಹಳೇ 2.5 ವೈರ್ ಇರುವಾಗಲೇ ದೊಡ್ಡ ಎಂಸಿಬಿ ಹಾಕಬೇಡಿ, ವೈರ್ ಸುಡುತ್ತದೆ. ಮೊದಲು ಕೇಬಲ್, ಆಮೇಲೆ ಎಂಸಿಬಿ. ಜೊತೆಗೆ ಅರ್ತ್ ಗುಂಡಿ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಕಬ್ಬಿಣ ಮುಟ್ಟುತ್ತೀರಿ, ಇದರಲ್ಲಿ ಉಳಿತಾಯ ಮಾಡಬೇಡಿ.

ಸುಂಟಿಕೊಪ್ಪದಿಂದ

ನಡುವೆ ಬಂದೆ, ಕ್ಷಮಿಸಿ. ಇದು ಎಲ್ಲರಿಗೂ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ನನ್ನ ಗಾಡಿ ಲಿಫ್ಟ್ ಮೇಲೆ ಲಾಕಿನಲ್ಲಿ (ಗಾಡಿ ಕೆಳಗೆ ಜಾರದಂತೆ ತಡೆಯುವ ಕೊಂಡಿ) ಕೂತಿತ್ತು. ಇಳಿಸುವುದಕ್ಕೆ ಕರೆಂಟ್ ಬೇಡ, ವಾಲ್ವ್ ಬಿಟ್ಟರೆ ತಾನೇ ಇಳಿಯುತ್ತದೆ ಅಂದುಕೊಂಡಿದ್ದೆ. ಅದು ಅರ್ಧ ನಿಜ. ಲಾಕ್ ಬಿಡಿಸಬೇಕಾದರೆ ಮೊದಲು ಒಂದಿಂಚು ಮೇಲೆತ್ತಬೇಕು! ಎತ್ತಲು ಕರೆಂಟ್ ಬೇಕು. ಮನೆಯಲ್ಲಿದ್ದ 3 ಕೆವಿಎ ಜನರೇಟರ್ ಮೋಟಾರ್ ಶುರುಮಾಡುವಾಗಲೇ ನಿಂತುಹೋಯಿತು. ಮನೆಯಲ್ಲಿ ಹುಷಾರಿಲ್ಲದವರನ್ನು ಪಕ್ಕದ ತೋಟದವರ ಜೀಪಿನಲ್ಲಿ ಕರೆದುಕೊಂಡು ಹೋಗಬೇಕಾಯಿತು. ಇವತ್ತಿಗೂ ಅದು ನೆನಪಾದರೆ ಎದೆ ಹೊಡೆದುಕೊಳ್ಳುತ್ತದೆ.

ಉತ್ತರ, ಗೋಣಿಕೊಪ್ಪದಿಂದ

ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಇದಕ್ಕಾಗಿ ಲಾಕ್ ಬಿಟ್ಟು ಎಣ್ಣೆಯ ಒತ್ತಡದ ಮೇಲೆ ಗಾಡಿ ನಿಲ್ಲಿಸುವವರಿದ್ದಾರೆ. ಯಾರೂ ಹಾಗೆ ಮಾಡಬೇಡಿ. ಒಂದು ಹೋಸ್ ಒಡೆದರೆ ಕೆಳಗಿದ್ದವರ ಕಥೆ ಮುಗಿಯಿತು. ಕೈಪಂಪ್ ಇರುವ ಪವರ್ ಯೂನಿಟ್ ಸಿಗುತ್ತದೆ, ಕೊಳ್ಳುವಾಗಲೇ ಕೇಳಿ. ಇಲ್ಲದಿದ್ದರೆ 7.5 ಕೆವಿಎ ಅಥವಾ ಮೇಲಿನ ಜನರೇಟರ್ ಬೇಕು. ಮನೆಗೆ ಒಂದೇ ಗಾಡಿ ಇದ್ದರೆ ಮಳೆಗಾಲದಲ್ಲಿ ರಾತ್ರಿ ಅದನ್ನು ಮೇಲೆ ಬಿಡಬೇಡಿ.

ಪ್ರಶ್ನೆ, ಸೋಮವಾರಪೇಟೆಯಿಂದ

ನಾನಿನ್ನೂ ಕೊಂಡಿಲ್ಲ. ಶೀಟಿನ ಶೆಡ್, ಎತ್ತರ 10 ಅಡಿ. ಬರೆ (ಗುಡ್ಡದ ಇಳಿಜಾರು) ಕಡಿದು, ಅದೇ ಮಣ್ಣನ್ನು ಮುಂದಕ್ಕೆ ತುಂಬಿ ಮಟ್ಟ ಮಾಡಿದ ಜಾಗ. ಪಕ್ಕದಲ್ಲೇ ತೋಟದ ಪಂಪಿಗೆ ತ್ರೀ ಫೇಸ್ ಇದೆ. ಎರಡು ಕಂಬದ್ದೇ ತಗೊಳ್ಳಲಾ?

ಉತ್ತರ, ಗೋಣಿಕೊಪ್ಪದಿಂದ

ನಿಮಗೆ ಬೇಡ ಅನಿಸುತ್ತದೆ. 10 ಅಡಿ ಅಂದರೆ 3.05 ಮೀಟರ್. ಇನ್ನೋವಾ ಕ್ರಿಸ್ಟಾದ ಎತ್ತರವೇ 1.8 ಮೀಟರ್ ಹತ್ತಿರ. ಉಳಿಯುವುದು 1.25 ಮೀಟರ್. ಎರಡು ಕಂಬದ್ದು ಅದಕ್ಕಿಂತ ಮೇಲೆ ಎತ್ತುತ್ತದೆ, ಆ ಎತ್ತರ ನಿಮಗೆ ಸಿಗುವುದೇ ಇಲ್ಲ. ಒಂದು ಮೀಟರ್ ಎತ್ತುವ ಕತ್ತರಿ ಲಿಫ್ಟ್ ಸಾಕು. ಬ್ರೇಕು, ಚಕ್ರ, ಸಸ್ಪೆನ್ಷನ್, ತುಕ್ಕು ಕೆರೆದು ಬಣ್ಣ ಬಳಿಯುವುದು ಎಲ್ಲ ಆಗುತ್ತದೆ. ಗೇರ್‌ಬಾಕ್ಸ್ ಇಳಿಸುವುದು ಮಾತ್ರ ಕಷ್ಟ.

ಮಣ್ಣಿನ ವಿಷಯ ಇನ್ನೂ ಮುಖ್ಯ. ಕಡಿದ ಬದಿ ಗಟ್ಟಿ, ತುಂಬಿದ ಬದಿ ಮಳೆಗಾಲಕ್ಕೆ ಕೂರುತ್ತದೆ. ಒಂದು ಕಂಬ ಅಲ್ಲಿ, ಒಂದು ಇಲ್ಲಿ ನಿಂತರೆ ಎರಡು ಮಳೆಗಾಲದಲ್ಲಿ ಕಂಬ ವಾಲುತ್ತದೆ. 2018ರ ಆಗಸ್ಟಿನ ಭೂಕುಸಿತ ನೋಡಿದ ನಾವು ತುಂಬಿದ ಮಣ್ಣನ್ನು ನಂಬಬಾರದು. ಯಾವ ಲಿಫ್ಟ್ ಆದರೂ ಪೂರ್ತಿ ಕಡಿದ ಬದಿಗೆ ಬರಲಿ. ಬರೆಯ ನೀರು ಹೋಗಲು ಹಿಂದೆ ಚರಂಡಿ ಬಿಡಿ.

ಪಂಪಿನ ಹೆಸರಿನ ಸಂಪರ್ಕದಿಂದ ಲಿಫ್ಟಿಗೆ ಎಳೆಯಬೇಡಿ. ಒಂದು ಕೆಲಸಕ್ಕೆ ಕೊಟ್ಟ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡ ಬೀಳುತ್ತದೆ. ಮನೆ ಸಂಪರ್ಕವನ್ನೇ ತ್ರೀ ಫೇಸ್ ಮಾಡಿಸಲು ಅರ್ಜಿ ಕೊಡಿ. ಆಗ ಅದೇ 2.2 ಕಿಲೋವ್ಯಾಟ್ ಮೋಟಾರ್ ಪ್ರತಿ ಫೇಸಿಗೆ 5 ಆಂಪಿಯರ್ ಮಾತ್ರ ಎಳೆಯುತ್ತದೆ. ಇಲ್ಲಿನ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು, ನಾಪೋಕ್ಲಿನಿಂದ

16ರ ಅಲ್ಯೂಮಿನಿಯಂ ಕೇಬಲ್ ಹೂಳಿ, ಸಿ25 ಎಂಸಿಬಿ ಹಾಕಿಸಿದೆ. ಈಗ ಮಧ್ಯಾಹ್ನ ಶುರುವಾಗುವಾಗ ಮೋಟಾರಿನಲ್ಲಿ 189 ವೋಲ್ಟ್, ಸಂಜೆ 175. ಇನ್ನೋವಾವನ್ನು ಅರ್ಧಕ್ಕೆ ನಿಲ್ಲಿಸಿ ಐದು ಸಲ ಮತ್ತೆ ಎತ್ತಿದೆ. ಐದೂ ಸಲ ಎದ್ದಿತು. ಕೈಪಂಪಿಗೆ ಹೇಳಿ ಕಳಿಸಿದ್ದೇನೆ, ಮಳೆ ಹಿಡಿಯುವ ಮೊದಲು ಬರುತ್ತದೆ.