ಕಾರು ತಗ್ಗಿಸಿದ ಮೇಲೆ ಹಿಂದಿನ ಟೈರ್ ಒಳಬದಿ ಮಾತ್ರ ಸವೆಯುತ್ತಿದೆ, ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುತ್ತಿಲ್ಲ

ಪ್ರಶ್ನೆ (ಮಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಹೋಂಡಾ ಸಿವಿಕ್, 1.8 ಪೆಟ್ರೋಲ್. ಕಳೆದ ವರ್ಷ ನಾಲ್ಕೂ ಕಡೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ಕಾರು ಸುಮಾರು 40 ಮಿ.ಮೀ. ಕೆಳಗೆ ಬಂದಿದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ, ಕಾರಿನ ಜೊತೆ ಬಂದದ್ದು. ಟೈರ್ 205/55 ಆರ್16, ಸ್ಪ್ರಿಂಗ್ ಹಾಕಿಸುವಾಗಲೇ ಹೊಸದು ಹಾಕಿಸಿದ್ದೆ.

ಈಗ ಹಿಂದಿನ ಎರಡೂ ಟೈರ್ ಒಳಬದಿಯಲ್ಲಿ ಸವೆದಿವೆ. ಎಡಗಡೆಯದು ತೀರಾ ಜಾಸ್ತಿ. ಹೊರಗಿನಿಂದ ನೋಡಿದರೆ ಹೊಸ ಟೈರ್ ಅನ್ನಿಸುತ್ತದೆ. ಪಂಕ್ಚರ್ ಹಾಕಿಸಲು ಬಿಚ್ಚಿದಾಗ ನೋಡಿದರೆ ಒಳ ಅಂಚಿನಲ್ಲಿ ತಂತಿ ಕಾಣುತ್ತಿದೆ! 60ರ ಮೇಲೆ ಹೋದರೆ ಹಿಂದಿನಿಂದ ಗುಂಯ್ ಎಂದು ಸದ್ದು ಬರುತ್ತದೆ. ಮೆಕ್ಯಾನಿಕ್ ವೀಲ್ ಬೇರಿಂಗ್ ಹೋಗಿದೆ ಅಂತಾರೆ. ಇನ್ನೊಂದು ವಿಷಯ, ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ತಿರುಗಿಕೊಂಡೇ ಇರುತ್ತದೆ. ಕಾರು ಮಾತ್ರ ಯಾವ ಕಡೆಗೂ ಎಳೆಯುವುದಿಲ್ಲ.

ಅಲೈನ್‌ಮೆಂಟ್ ಪ್ರಿಂಟ್‌ನಲ್ಲಿ ಮುಂದಿನ ಚಕ್ರಗಳದ್ದು ಎಲ್ಲ ಹಸಿರು, ಅಂದರೆ ಮಿತಿಯೊಳಗೆ. ಹಿಂದಿನದು ಕೆಂಪು:

ಕ್ಯಾಂಬರ್ (ಚಕ್ರದ ಮೇಲ್ಭಾಗ ವಾಲಿರುವುದು, ಮೈನಸ್ ಎಂದರೆ ಒಳಕ್ಕೆ): ಎಡ −2.6 ಡಿಗ್ರಿ, ಬಲ −2.3 ಡಿಗ್ರಿ
ಟೋ (ಚಕ್ರದ ಮುಂತುದಿ ತಿರುಗಿರುವುದು, ಮೈನಸ್ ಎಂದರೆ ಹೊರಕ್ಕೆ): ಎಡ −0.42 ಡಿಗ್ರಿ, ಬಲ +0.10 ಡಿಗ್ರಿ

"ತಗ್ಗಿಸಿದ ಕಾರು ಹೀಗೇ ಇರೋದು, ಹಿಂದೆ ಏನೂ ಮಾಡಕ್ಕಾಗಲ್ಲ" ಎಂದು ಅಲೈನ್‌ಮೆಂಟ್ ಅಂಗಡಿಯಲ್ಲಿ ಹೇಳಿದರು. ಕ್ಯಾಂಬರ್ ಸರಿಮಾಡಲು ಬೇರೆ ಆರ್ಮ್ (ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು) ತರಿಸಬೇಕಾ? ಅಥವಾ ಹಳೆಯ ಸ್ಪ್ರಿಂಗ್ ವಾಪಸ್ ಹಾಕಿಬಿಡಲಾ?

ಉತ್ತರ (ಬೆಂಗಳೂರಿನಿಂದ)

ಮೊದಲು ಒಂದು ಮಾತು. ತಂತಿ ಕಂಡ ಟೈರ್‌ನಲ್ಲಿ ಇನ್ನು ಹೆದ್ದಾರಿಗೆ ಹೋಗಬೇಡಿ. ಸ್ಟೆಪ್ನಿ ಹಾಕಿಕೊಂಡು ಊರೊಳಗೆ ನಿಧಾನಕ್ಕೆ ಓಡಾಡಿ. ನಿಮ್ಮ ಕಡೆ ಮಳೆ ಹೇಗೆ ಅಂತ ನಿಮಗೇ ಗೊತ್ತು. ಸವೆತದ ಗುರುತಿಗೆ ತೋಡಿನೊಳಗೆ ಇರುವ ಉಬ್ಬು 1.6 ಮಿ.ಮೀ. ಎತ್ತರದ್ದು. ನೀವು ಅದನ್ನು ದಾಟಿ ಬಹಳ ಮುಂದೆ ಹೋಗಿದ್ದೀರಿ.

ಈಗ ಕಾರಣಕ್ಕೆ ಬರೋಣ. ಒಳಬದಿ ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ನಿಮ್ಮ ಪ್ರಿಂಟ್‌ನಲ್ಲಿ ನನ್ನ ಕಣ್ಣು ಹೋದದ್ದು ಎಡ ಟೋ ಮೇಲೆ. ಎರಡೂ ಚಕ್ರದ ಕ್ಯಾಂಬರ್ ಹತ್ತಿರಹತ್ತಿರ ಒಂದೇ ಇದೆ. ಆದರೆ ಎಡ ಟೈರ್ ಮಾತ್ರ ತಂತಿ ಬಿಟ್ಟಿದೆ. ಎರಡಕ್ಕೂ ಇರುವ ವ್ಯತ್ಯಾಸ ಟೋನಲ್ಲೇ, ಅಲ್ವಾ?

ಕ್ಯಾಂಬರ್ ಎಂದರೆ ಚಕ್ರದ ಓರೆ. ಚಕ್ರ ಓರೆಯಾದರೆ ಭಾರ ಒಳ ಅಂಚಿಗೆ ಜಾಸ್ತಿ ಬೀಳುತ್ತದೆ, ಅಷ್ಟೇ. ಟೈರ್ ಉರುಳುವುದು ನೇರವಾಗಿಯೇ. ಟೋ ಹಾಗಲ್ಲ. ಅಲ್ಲಿ ಟೈರಿನ ಮುಖವೇ ಬೇರೆ ದಿಕ್ಕಿಗೆ, ಕಾರು ಹೋಗುವುದು ಇನ್ನೊಂದು ದಿಕ್ಕಿಗೆ. 0.42 ಡಿಗ್ರಿ ಸಣ್ಣದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಬಲಗಡೆಯ +0.10 ಕಳೆದರೂ ಎರಡೂ ಸೇರಿ ಹೊರಕ್ಕೆ 0.32 ಡಿಗ್ರಿ, ಪ್ರತಿ ಕಿಲೋಮೀಟರಿಗೆ ಹಿಂದಿನ ಎರಡು ಟೈರನ್ನು ಒಟ್ಟು ಸುಮಾರು 5.6 ಮೀಟರ್ ಅಡ್ಡಕ್ಕೆ ಎಳೆದ ಹಾಗೆ. ಮಂಗಳೂರಿನಿಂದ ಬೆಂಗಳೂರಿಗೆ 350 ಕಿ.ಮೀ. ಅಂತಿಟ್ಟುಕೊಂಡರೆ ಸುಮಾರು ಎರಡು ಕಿಲೋಮೀಟರ್ ಆಗುತ್ತದೆ. ಕ್ಯಾಂಬರಿನಿಂದ ಭಾರವೆಲ್ಲ ಒಳ ಅಂಚಿನಲ್ಲಿದೆ, ಟೋ ಆ ಅಂಚನ್ನೇ ರಸ್ತೆಗೆ ಉಜ್ಜುತ್ತಿದೆ. ಎರಡೂ ಸೇರಿ ಟೈರ್ ತಿಂದಿವೆ. ಕ್ಯಾಂಬರ್ ಒಂದೇ ಇದ್ದಿದ್ದರೆ ಇಷ್ಟು ಬೇಗ ತಂತಿ ಕಾಣುತ್ತಿರಲಿಲ್ಲ.

ಬೇಕಾದರೆ ಕೈಯಲ್ಲೇ ಪರೀಕ್ಷೆ ಮಾಡಿ. ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಟೋ ಸವೆತ. ಗುಂಯ್ ಸದ್ದು ಕೂಡ ಬಹುಶಃ ಈ ಹಲ್ಲುಗಳದ್ದೇ.

ಸ್ಟೀರಿಂಗ್ ಎಡಕ್ಕೆ ತಿರುಗಿರುವುದಕ್ಕೂ ಇದೇ ಕಾರಣ. ಎಡ ಹಿಂಚಕ್ರದ ಟೋ ಹೊರಕ್ಕಿದೆ, ಅಂದರೆ ಎಡಕ್ಕೆ ನೋಡುತ್ತಿದೆ. ಬಲ ಹಿಂಚಕ್ರದ ಟೋ ಒಳಕ್ಕಿದೆ, ಅದೂ ಎಡಕ್ಕೇ ನೋಡುತ್ತಿದೆ. ಸರಾಸರಿ 0.26 ಡಿಗ್ರಿ. ಹಿಂದಿನ ಚಕ್ರಗಳು ಎಡಕ್ಕೆ ಮುಖ ಮಾಡಿದ್ದರೆ ಕಾರು ನೇರ ಹೋಗಲು ಮುಂದಿನ ಚಕ್ರಗಳೂ ಅಷ್ಟೇ ಎಡಕ್ಕೆ ತಿರುಗಬೇಕು. ಮುಂದಿನದನ್ನು ಎಷ್ಟೇ ಹಸಿರು ಮಾಡಿದರೂ ಇದು ಹೋಗುವುದಿಲ್ಲ.

"ಹಿಂದೆ ಏನೂ ಮಾಡಕ್ಕಾಗಲ್ಲ" ಅನ್ನುವುದು ಸ್ವಿಫ್ಟ್, ಪೋಲೊದಂಥ ಕಾರಿಗೆ ಹೆಚ್ಚುಕಡಿಮೆ ಸರಿ. ಅವುಗಳ ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರವನ್ನು ಜೋಡಿಸುವ ಒಂದೇ ತೊಲೆ. ನಿಮ್ಮ ಸಿವಿಕ್‌ನಲ್ಲಿ ಹಿಂದೆಯೂ ಬಿಡಿಬಿಡಿ ಆರ್ಮ್‌ಗಳಿವೆ, ಟೋ ಹೊಂದಿಸಲು ಆರ್ಮ್‌ನ ಒಳತುದಿಯಲ್ಲಿ ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿಯುವಂಥ ಬೋಲ್ಟ್) ಇದೆ. ಕ್ಯಾಂಬರ್‌ಗೆ ಮಾತ್ರ ಕಂಪನಿಯಿಂದ ಹೊಂದಾಣಿಕೆ ಇಲ್ಲ. ಆದ್ದರಿಂದ ಆರ್ಮ್‌ಗೆ ದುಡ್ಡು ಹಾಕುವ ಮೊದಲು ಟೋ ಸರಿ ಮಾಡಿಸಿ. ಸ್ಪ್ರಿಂಗ್ ಬದಲಾಯಿಸುವ ಅಗತ್ಯ ಸದ್ಯಕ್ಕೆ ಕಾಣುವುದಿಲ್ಲ.

ಉತ್ತರ (ಹುಬ್ಬಳ್ಳಿಯಿಂದ)

ಟೋ ಬಗ್ಗೆ ಮೇಲಿನವರು ಹೇಳಿದ್ದು ಒಪ್ಪಿದೆ. ಆದರೆ −2.6 ಕ್ಯಾಂಬರನ್ನು ಹಾಗೇ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿ ತುಂಬಿದರೆ ಕಾರು ಇನ್ನೂ ಕುಗ್ಗುತ್ತದೆ, ಕ್ಯಾಂಬರ್ ಇನ್ನೂ ಹೆಚ್ಚುತ್ತದೆ. ಮನೆಮಂದಿಯೆಲ್ಲ ಓಡಾಡುವ ಗಾಡಿಯಾದರೆ ಹೊಂದಿಸಬಹುದಾದ ಮೇಲಿನ ಆರ್ಮ್ ಹಾಕಿಸಿ −1.5 ಹತ್ತಿರ ತನ್ನಿ. ಒಬ್ಬರೇ ಓಡಿಸುವ ಗಾಡಿಯಾದರೆ ಕಾಯಬಹುದು.

ಶಾಕ್ ಹಳೆಯದು ಅಂದಿರಲ್ಲ, ಅದನ್ನೂ ನೋಡ್ರಿ. ಗಿಡ್ಡ, ಗಟ್ಟಿ ಸ್ಪ್ರಿಂಗ್ ಕೆಳಗೆ ಸೋತ ಶಾಕ್ ಇದ್ದರೆ ಚಕ್ರ ಕುಪ್ಪಳಿಸುತ್ತಾ ಓಡುತ್ತದೆ. ಆಗ ಟೈರಿನ ಸುತ್ತಳತೆಯ ಉದ್ದಕ್ಕೂ ಕೈ ಆಡಿಸಿದರೆ ಅಲ್ಲಲ್ಲಿ ಗುಂಡಿ ಸಿಗುತ್ತದೆ. ಅಂಥ ಗುಂಡಿಯನ್ನು ಯಾವ ಅಲೈನ್‌ಮೆಂಟೂ ನಿಲ್ಲಿಸುವುದಿಲ್ಲ.

ಬೇರಿಂಗ್ ಅನುಮಾನ ತೀರಿಸಿಕೊಳ್ಳುವುದು ಸುಲಭ. ಚಕ್ರ ಎತ್ತಿ, ಒಂದು ಕೈಯಲ್ಲಿ ಸ್ಪ್ರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಸ್ಪ್ರಿಂಗ್ ಹಿಡಿದ ಕೈಗೆ ಗರಗರ ಗೊತ್ತಾಗುತ್ತದೆ. ಓಡಿಸುವಾಗ ಮೆಲ್ಲಗೆ ಎಡಕ್ಕೆ ಬಲಕ್ಕೆ ಹೊರಳಿಸಿದಾಗ ಸದ್ದು ಏರಿಳಿದರೂ ಬೇರಿಂಗ್ ಕಡೆಗೇ ಬೆರಳು.

ಉತ್ತರ (ಬೆಂಗಳೂರಿನಿಂದ, ಮತ್ತೆ)

ಶಾಕ್ ಮಾತು ಒಪ್ಪುವಂಥದ್ದೇ. ಆರ್ಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲು ಟೋ, ಆಮೇಲೆ ಸವೆತ ಅಳೆದು ತೀರ್ಮಾನ.

ಅಂಗಡಿಗೆ ಹೋಗುವಾಗ ಇಷ್ಟು ಗಮನಿಸಿ. ನಾಲ್ಕೂ ಟೈರಿನ ಗಾಳಿ ಸರಿ ಇರಲಿ. ಬುಷ್ (ಆರ್ಮ್ ತುದಿಯ ರಬ್ಬರ್ ಜೋಡಣೆ), ಬಾಲ್ ಜಾಯಿಂಟ್ (ಗುಂಡು ಕೀಲು) ಅಲುಗಾಡುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಅಲುಗುವ ಆರ್ಮ್ ಮೇಲೆ ಮಾಡಿದ ಅಲೈನ್‌ಮೆಂಟ್ ಅಂಗಡಿ ಗೇಟು ದಾಟುವುದರೊಳಗೆ ಕೆಡುತ್ತದೆ. ಹಿಂದಿನ ಟೋ ಮುಗಿದ ಮೇಲೆಯೇ ಮುಂದಿನದು ಮಾಡಬೇಕು, ಸ್ಟೀರಿಂಗ್ ನೇರ ಲಾಕ್ ಮಾಡಿ. ತಿರುವು ಮುರುವು ಮಾಡಿದರೆ ಮತ್ತೆ ಸ್ಟೀರಿಂಗ್ ಓರೆ. ಹಿಂದೆ ಎರಡೂ ಕಡೆ +0.10 ಆಸುಪಾಸು, ಅಂದರೆ ಚೂರು ಒಳಕ್ಕೆ ಇಡಲು ಹೇಳಿ.

ಇನ್ನು ಕ್ಯಾಮ್ ಬೋಲ್ಟ್. ಕಡಲ ತೀರದ ಗಾಡಿಗಳಲ್ಲಿ ಇದು ಬುಷ್ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬರಲಿಲ್ಲ ಎಂದರೆ ಸುಮ್ನೆ ಬಲ ಹಾಕಿ ತಿರುಗಿಸಲು ಬಿಡಬೇಡಿ, ಬೋಲ್ಟ್ ಜೊತೆ ಬುಷ್ ರಬ್ಬರೂ ತಿರುಚಿ ಹರಿಯುತ್ತದೆ. ಬಹಳ ಅಂಗಡಿಯವರು "ಆಗಲ್ಲ" ಅನ್ನುವುದು ಈ ತುಕ್ಕಿಗೆ ಹೆದರಿ.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್ ಮಾರಾಯ್ರೆ! ಅಂಗೈ ಪರೀಕ್ಷೆ ಮಾಡಿದೆ, ಗರಗಸವೇ. ಬೇರಿಂಗ್ ಎರಡೂ ಕಡೆ ನುಣುಪಾಗಿ ತಿರುಗುತ್ತಿದೆ. ಎಡ ಕ್ಯಾಮ್ ಬೋಲ್ಟ್ ಎಣ್ಣೆಗೆ ಬಗ್ಗಲಿಲ್ಲ, ಕತ್ತರಿಸಿ ತೆಗೆದು ಬೋಲ್ಟ್, ಬುಷ್ ಎರಡೂ ಹೊಸದು ಹಾಕಿಸಿದೆ. ಬಲದ್ದು ಸಲೀಸಾಗಿ ತಿರುಗಿತು. ಈಗಿನ ಪ್ರಿಂಟ್: ಟೋ ಎಡ +0.09, ಬಲ +0.10. ಕ್ಯಾಂಬರ್ ಎಡ −2.5, ಬಲ −2.3. ಸ್ಟೀರಿಂಗ್ ನೇರ ನಿಂತಿದೆ. ಹಿಂದೆ ಎರಡು ಹೊಸ ಟೈರ್ ಹಾಕಿದ ಮೇಲೆ ಸದ್ದೂ ಇಲ್ಲ.

ಒಂದೇ ಅನುಮಾನ. ಹೊಸ ಬುಷ್‌ನ ಬೋಲ್ಟನ್ನು ಕಾರು ಲಿಫ್ಟ್ ಮೇಲೆ ಇದ್ದಾಗ, ಚಕ್ರ ಜೋತಾಡುತ್ತಿರುವಾಗಲೇ ಬಿಗಿ ಮಾಡಿದರು. ಅಲೈನ್‌ಮೆಂಟ್ ಮಾಡುವಾಗ ಒಳಗಿನ ಕ್ಯಾಮ್ ಬೋಲ್ಟ್ ಮಾತ್ರ ಮತ್ತೆ ಸಡಿಲಿಸಿದ್ದು. ಪರವಾಗಿಲ್ವಾ?

ಉತ್ತರ (ಬೆಂಗಳೂರಿನಿಂದ)

ಕ್ಯಾಮ್ ಬೋಲ್ಟನ್ನು ಚಕ್ರದ ಮೇಲೆ ಭಾರ ಇರುವಾಗ ಬಿಗಿ ಮಾಡಿದ್ದರಿಂದ ಅದು ಸರಿ ಇದೆ. ಅದೇ ಆರ್ಮ್‌ನ ಹೊರತುದಿಯ ಬೋಲ್ಟ್ ಸಡಿಲಿಸಿದ್ದರೆ ಅದನ್ನು ಮತ್ತೊಮ್ಮೆ ಮಾಡಿಸಿ. ಬುಷ್‌ನ ರಬ್ಬರ್ ಒಳಗೂ ಹೊರಗೂ ಅಂಟಿಕೊಂಡಿರುತ್ತದೆ. ಚಕ್ರ ಜೋತಾಡುವಾಗ ಬಿಗಿ ಮಾಡಿದರೆ, ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಆಮೇಲೆ ಹಗಲೂ ರಾತ್ರಿ ಹಾಗೇ ಇರುತ್ತದೆ, ಬೇಗ ಹರಿಯುತ್ತದೆ. ತಗ್ಗಿಸಿದ ಕಾರಿನಲ್ಲಿ ಈ ತಿರುಚು ಇನ್ನೂ ಜಾಸ್ತಿ. ಸ್ಪ್ರಿಂಗ್ ಹಾಕಿದಾಗ ಸಡಿಲಿಸಿದ ಉಳಿದ ಬೋಲ್ಟ್‌ಗಳನ್ನೂ ಕೇಳಿಕೊಳ್ಳಿ. ನಾಲ್ಕು ಚಕ್ರ ರ‍್ಯಾಂಪ್ ಮೇಲೆ ನಿಂತಿರುವಾಗ ಸಡಿಲಿಸಿ, ಕಾರನ್ನು ಒಮ್ಮೆ ಅದುಮಿ ಬಿಟ್ಟು, ಮತ್ತೆ ಬಿಗಿ ಮಾಡಿದರೆ ಸಾಕು. ಕ್ಯಾಮ್ ಬೋಲ್ಟ್ ಮುಟ್ಟಬೇಕಾಗಿ ಬಂದರೆ ಮೊದಲು ಅದರ ಗೆರೆಗೆ ಬಣ್ಣದಲ್ಲಿ ಗುರುತು ಹಾಕಲು ಹೇಳಿ. ಯಾವ ಬೋಲ್ಟ್ ಮುಟ್ಟಿದರೂ ಕೊನೆಗೆ ಟೋ ಇನ್ನೊಮ್ಮೆ ನೋಡಿಸಿ.

ಹೊಸ ಟೈರಿನ ಒಳತೋಡು, ಹೊರತೋಡು ಎರಡರ ಆಳವನ್ನೂ ಇವತ್ತೇ ಅಳೆದು ಬರೆದಿಡಿ. ಕೈ ಹೋಗದ ಕಡೆ ಫೋನ್ ತೂರಿಸಿ ಫೋಟೊ ತೆಗೆಯಿರಿ. 5,000 ಕಿ.ಮೀ. ಆದ ಮೇಲೆ ಮತ್ತೆ ಅಳೆಯಿರಿ. ಒಳಗಿನದು ಹೊರಗಿನದಕ್ಕಿಂತ 1 ಮಿ.ಮೀ. ಜಾಸ್ತಿ ಸವೆದಿದ್ದರೆ ಹುಬ್ಬಳ್ಳಿಯವರು ಹೇಳಿದ ಆರ್ಮ್ ತರಿಸಿ. ಅಷ್ಟು ಇಲ್ಲದಿದ್ದರೆ ಟೈರ್ ಹಿಂದೆ ಮುಂದೆ ಅದಲು ಬದಲು ಮಾಡಿಕೊಂಡು, ಆ ದುಡ್ಡಿನಲ್ಲಿ ಶಾಕ್ ಬದಲಾಯಿಸಿ.