‘ರೂಟ್ಸ್ ಸಂಗೀತ’ಕ್ಕೆ ಕನ್ನಡದಲ್ಲಿ ಏನೆನ್ನೋಣ? ಬೇರು, ದೇಸಿ, ನಾಟಿ, ಬಿಳಲು

ಗೆಳೆಯರೇ,

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಮ್ಮ ಊರಿನ ಸಮುದಾಯ ಬಾನುಲಿಗೆ ಹೊರನಾಡಿನ ರೇಡಿಯೊ ಕಾರ್ಯಕ್ರಮಗಳನ್ನು ಪರಿಚಯಿಸುವ ಹತ್ತು ನಿಮಿಷದ ಮಾತನ್ನು ನಾನು ಬರೆದುಕೊಡುತ್ತೇನೆ. ಈ ಸಲದ ಸರದಿ ನ್ಯೂ ಆರ್ಲಿಯನ್ಸ್‌ನಲ್ಲಿ ತಯಾರಾಗುವ ‘ಅಮೆರಿಕನ್ ರೂಟ್ಸ್’ನದು. ಜಾನಪದ ವಿದ್ವಾಂಸ ನಿಕ್ ಸ್ಪಿಟ್ಜರ್ 1998ರಲ್ಲಿ ಶುರುಮಾಡಿದ್ದು. ವಾರಕ್ಕೊಮ್ಮೆ, ಎರಡು ಗಂಟೆ. ಬ್ಲೂಸ್, ಜಾಝ್, ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ), ಕೇಜನ್ (ಆ ಸೀಮೆಯ ಫ್ರೆಂಚ್ ಮಾತಿನವರ ಸಂಗೀತ), ಕಂಟ್ರಿ ಎಲ್ಲವನ್ನೂ ಒಂದು ಎಳೆಗೆ ಪೋಣಿಸುತ್ತಾ ಹೋಗುವ ಕಾರ್ಯಕ್ರಮ.

ತೊಡಕು ಹೆಸರಿನಿಂದಲೇ ಆರಂಭ. ಇಂಗ್ಲಿಷ್ ಕಾಗುಣಿತದಲ್ಲಿ ಅದು Routes, ‘ದಾರಿಗಳು’. ಕಿವಿಗೆ ಬಿದ್ದಾಗ Roots, ‘ಬೇರುಗಳು’ ಎಂದೂ ಕೇಳಿಸುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ‘ರೂಟ್ಸ್’. ನಮ್ಮ ಕೇಳುಗರಿಗೋ ರೂಟ್ ಎಂದರೆ ಬಸ್ಸಿನ ರೂಟ್, ಅಷ್ಟೇ. ಶ್ಲೇಷೆ ಅಲ್ಲಿಗೆ ಮುಗಿಯಿತು. ಹೆಸರು ಹೋಗಲಿ, ಹೇಗಿದೆಯೋ ಹಾಗೆಯೇ ಇಟ್ಟುಕೊಳ್ಳುತ್ತೇನೆ. ಆದರೆ ಬ್ಲೂಸ್, ಗಾಸ್ಪೆಲ್ ಮೊದಲಾದ ಇವನ್ನೆಲ್ಲ ಒಟ್ಟಾಗಿ ಕರೆಯುವ ‘ರೂಟ್ಸ್ ಸಂಗೀತ’ ಎಂಬ ಬಗೆಗೇ ಒಂದು ಕನ್ನಡ ಮಾತು ಬೇಕಲ್ಲ!

ಮೊದಲು ಹೊಳೆದದ್ದು ‘ಜಾನಪದ ಸಂಗೀತ’. (ಜನಪದವೋ ಜಾನಪದವೋ ಎಂಬ ಹಳೆಯ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.) ಜಾನಪದ ಎಂದೊಡನೆ ಕನ್ನಡಿಗರ ತಲೆಯಲ್ಲಿ ಕಟ್ಟಿದವರ ಹೆಸರಿಲ್ಲದ ಹಾಡು ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಈ ಕಾರ್ಯಕ್ರಮದಲ್ಲಾದರೋ ಹೆಸರುವಾಸಿ ಗಾಯಕರು, ಧ್ವನಿಮುದ್ರಿಕೆಗಳು, ಮಾರಾಟವಾದ ಹಾಡುಗಳು. ಜೊತೆಗೆ ಇನ್ನೊಂದು ಮುಜುಗರವಿದೆ. ಹಿಂದೊಮ್ಮೆ ಇದೇ ಬಾನುಲಿಗೆ ಧ್ವನಿ ಹಿಡಿಯಲು ಹೋದಾಗ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು “ಒಂದು ಜಾನಪದ ಗೀತೆ ಹಾಡಿ” ಎಂದು ಕೇಳಿದ್ದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, “ಅದೆಲ್ಲ ರೇಡಿಯೊದವರಿಗೆ ಬರುತ್ತದೆ, ನನಗೆ ಬರುವುದು ಬೀಸುವ ಪದ” ಎಂದುಬಿಟ್ಟರು. ಕಲ್ಲು ತಿರುವದೆ ಪದ ನೆನಪಾಗುವುದಿಲ್ಲವೆಂದು ಬರಿಯ ಕೈಯನ್ನೇ ನೆಲದ ಮೇಲೆ ಸುತ್ತಿಸುತ್ತಾ ನಾಲ್ಕು ಪದ ಹೇಳಿದರು. ಹಾಡಿದರು ಎನ್ನಲಿಲ್ಲ ನಾನು, ಗಮನಿಸಿ. ಪದವನ್ನು ‘ಹೇಳುತ್ತಾರೆ’.

‘ಮೂಲ ಸಂಗೀತ’ ಎಂದರೆ ರೀಮೇಕ್ ಅಲ್ಲದ್ದು ಎಂದಾಗುತ್ತದೆ. ‘ಬೇರು ಸಂಗೀತ’ ಅನುವಾದದ ವಾಸನೆ ಹೊಡೆಯುತ್ತದೆ. ‘ನಾಟಿ ಸಂಗೀತ’ ಎಂದು ಒಬ್ಬ ಮಿತ್ರರು ಸೂಚಿಸಿದರು. ನಾಟಿ ಔಷಧ, ನಾಟಿ ಕೋಳಿ ಇರುವಾಗ ನಾಟಿ ಸಂಗೀತ ಏಕಿರಬಾರದು ಎಂಬುದು ಅವರ ವಾದ. ಗದ್ದೆಯವರಿಗೆ ಅದು ಪೈರು ನೆಡುವಾಗಿನ ಹಾಡಾಗುತ್ತದೆ, ಕಛೇರಿ ಕೇಳುವವರಿಗೆ ನಾಟರಾಗವಾಗುತ್ತದೆ, ಉಳಿದವರಿಗೆ ಕೋಳಿ ಸಾರು.

ನಿಜಕ್ಕೂ ನನ್ನನ್ನು ಕಾಡಿದ್ದು ‘ದೇಸಿ’. ಪಂಪನ ಕಾಲದಿಂದಲೂ ನಮ್ಮಲ್ಲಿ ಮಾರ್ಗ–ದೇಸಿ ಎಂಬ ಜೋಡಿ ಇದೆ. ಮಾರ್ಗ ಎಂದರೆ ದಾರಿಯೇ, ದೇಸಿ ಎಂದರೆ ನೆಲಕ್ಕಂಟಿದ್ದು. ಸ್ಪಿಟ್ಜರ್ ಒಂದೇ ಉಚ್ಚಾರದಲ್ಲಿ ಹಿಡಿದದ್ದು ಇವೇ ಎರಡನ್ನು ಎನಿಸಿ ಖುಷಿಯಾಯಿತು. ಆ ಖುಷಿ ಅರ್ಧ ದಿನವೂ ಉಳಿಯಲಿಲ್ಲ. ನಮ್ಮ ಮಾರ್ಗ ಪಂಡಿತರು ಹಾಕಿಕೊಟ್ಟ ಹೆದ್ದಾರಿ. ಅವರ ದಾರಿಯಾದರೋ ರೈಲಿನಲ್ಲಿ, ದೋಣಿಯಲ್ಲಿ ವಲಸೆ ಹೋದ ಕೂಲಿಗಳದ್ದು. ಅದೂ ಸಾಲದೆಂಬಂತೆ, ಅಮೆರಿಕದಲ್ಲಿ ‘ದೇಸಿ’ ಎಂದರೆ ನಾವೇ! ‘ಅಮೆರಿಕದ ದೇಸಿ ಸಂಗೀತ’ ಎಂದು ಬರೆದರೆ ನ್ಯೂಜೆರ್ಸಿಯ ಕನ್ನಡಿಗರು ಭಾಂಗ್ರಾ ಎಂದುಕೊಳ್ಳುತ್ತಾರೆ.

ಈ ಸಂಗೀತಕ್ಕೆ ಎಂಥ ಪದ ಬೇಕೆಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನ ರಾಜ್ಯದ ಕರಿಯ ಕ್ರಿಯೋಲರ (ಫ್ರೆಂಚ್ ಮಾತಿನ ಆಫ್ರಿಕನ್ ಮೂಲದವರ) ಕುಣಿತದ ಸಂಗೀತಕ್ಕೆ ‘ಜೈಡಿಕೊ’ ಎಂದು ಹೆಸರು. ಅದು ಫ್ರೆಂಚಿನ ‘ಲೇ ಜಾರಿಕೋ’, ಅಂದರೆ ಹುರುಳಿಕಾಯಿ, ಎಂಬುದರಿಂದ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹುರುಳಿಕಾಯಿಗೆ ಉಪ್ಪಿಲ್ಲ ಎಂಬುದು ಅಲ್ಲಿನ ಹಳೆಯ ಹಾಡಿನ ಸೊಲ್ಲು. ಬೇಯಿಸುವಾಗ ಹಾಕಲು ಉಪ್ಪು ಹಚ್ಚಿದ ಮಾಂಸದ ತುಂಡಿಗೂ ಗತಿಯಿಲ್ಲದ ಕಾಲ ಎಂದು ಅರ್ಥ. ನಾವು ‘ಉಪ್ಪಿಗೆ ಗತಿಯಿಲ್ಲ’ ಎನ್ನುತ್ತೇವಲ್ಲ, ಹಾಗೆ. ಮಾತು ಫ್ರೆಂಚ್, ತಾಳದ ಹಿಂದೆ ಆಫ್ರಿಕ, ವಾದ್ಯ ಯುರೋಪಿನ ಅಕಾರ್ಡಿಯನ್. ಅದರ ದೊರೆಯೆನಿಸಿದ ಕ್ಲಿಫ್ಟನ್ ಶೆನಿಯೆ ಅಕಾರ್ಡಿಯನ್ ನುಡಿಸುತ್ತಿದ್ದರೆ, ಪಕ್ಕದಲ್ಲಿ ಅವನ ಅಣ್ಣ ಬಟ್ಟೆ ಒಗೆಯುವ ಏಣು ಹಲಗೆಯಂಥ ತಗಡನ್ನು ಅಂಗಿಯ ಹಾಗೆ ಎದೆಗೆ ತೊಟ್ಟು ಕೆರೆಯುತ್ತಿದ್ದ. ಇಲ್ಲಿ ಬೇರು ಯಾವುದು, ದಾರಿ ಯಾವುದು? ನಮ್ಮ ಭಜನೆ, ಸಣ್ಣಾಟಗಳಲ್ಲಿ ಹೊಕ್ಕು ಮನೆಮಗನಾಗಿರುವ ಹಾರ್ಮೋನಿಯಂ ಕೂಡ ಇಂಥದ್ದೇ ನೆಂಟ.

ಹೀಗೆ ಯೋಚಿಸುವಾಗ ಸಿಕ್ಕಿದ್ದು ‘ಬಿಳಲು’. ಆಲದ ಕೊಂಬೆಯಿಂದ ಹೊರಟು, ಗಾಳಿಯಲ್ಲಿ ತೂಗಾಡುತ್ತಾ ಇಳಿದು, ನೆಲ ಕಚ್ಚಿದ ಮೇಲೆ ತಾನೇ ಇನ್ನೊಂದು ಕಾಂಡವಾಗುವ ಬೇರು. ಬೇರೂ ಹೌದು, ಪಯಣವೂ ಹೌದು. ‘ಬಿಳಲು ಸಂಗೀತ’ ಎನ್ನಬಹುದೇ? ಅಥವಾ ‘ಬಿಳಲ ಹಾಡು’? ಸಂಗೀತ ಎಂಬ ಸಂಸ್ಕೃತ ಪದದ ಪಕ್ಕದಲ್ಲಿ ಬಿಳಲು ಕೊಂಚ ಮುದುಡಿಕೊಳ್ಳುತ್ತದೆಯೇನೋ.

ಇನ್ನೊಂದು ಚಿಕ್ಕ ಪ್ರಶ್ನೆ ‘ಥೀಮ್’ ಬಗ್ಗೆ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 2006ರಿಂದ 2009ರವರೆಗೆ ಉಪಗ್ರಹ ರೇಡಿಯೊದಲ್ಲಿ ವಾರಕ್ಕೊಂದು ವಿಷಯದಂತೆ ನೂರು ಕಂತು ನಡೆಸಿದ್ದ: ಹವಾಮಾನ, ತಾಯಿ, ಕುಡಿತ, ಕಾಫಿ, ಜೈಲು, ಹೀಗೆ. ಪತ್ರಿಕೆಗಳ ‘ವಿಷಯಾಧಾರಿತ’ ನನಗೆ ವಿಚಾರಸಂಕಿರಣದ ಕರಪತ್ರದಂತೆ ಕೇಳುತ್ತದೆ. ‘ಧ್ಯೇಯ’ ಸಂಪೂರ್ಣ ತಪ್ಪು. ಸದ್ಯ ‘ಎಳೆ’ ಬಳಸುತ್ತಿದ್ದೇನೆ, “ಈ ವಾರದ ಎಳೆ: ಮಳೆ” ಎಂಬಂತೆ. ನಮ್ಮ ಪದಗಳನ್ನು ವಿಂಗಡಿಸುವುದು ಬಹುಮಟ್ಟಿಗೆ ಕೆಲಸದಿಂದ, ಸಂದರ್ಭದಿಂದ: ಬೀಸುವ, ಕುಟ್ಟುವ, ತೂಗುವ, ಹಸೆಗೆ ಕರೆಯುವ ಪದ. ಆದರೂ ‘ತವರು’ ಎಂಬ ಒಂದೇ ಎಳೆ ಹಿಡಿದರೆ ಬೀಸುವ ಕಲ್ಲಿನಿಂದ ಸೋಬಾನೆಯವರೆಗೆ ಎರಡು ಗಂಟೆ ಸಾಲದು. ಹಾಡುವವರ ನಡುವೆಯೇ ಇದಕ್ಕೊಂದು ಮಾತು ಬಳಕೆಯಲ್ಲಿದ್ದರೆ ತಿಳಿಸಿ.

ಕೊನೆಯದಾಗಿ, ನನ್ನ ಕಡೆ ಬಿಳಲು ಎನ್ನುತ್ತೇವೆ, ಅಚ್ಚಿನಲ್ಲಿ ‘ಬೀಳಲು’ ಎಂಬ ರೂಪವನ್ನೂ ಕಂಡಿದ್ದೇನೆ. ನಿಮ್ಮ ಊರುಗಳಲ್ಲಿ ಯಾವುದು? ‘ಬೀಳಲು’ವೇ ಹೆಚ್ಚೆಂದಾದರೆ ನಾನು ಈ ಪದವನ್ನೇ ಕೈಬಿಡಬೇಕಾಗುತ್ತದೆ. ‘ಬೀಳಲು ಸಂಗೀತ’ ಎಂದು ಓದಿದ ನಿರೂಪಕಿ ಮುಂದಿನ ಮಾತಿಗೆ ಮೊದಲೇ ನಗುತ್ತಾಳೆ, ಅದೂ ನೇರ ಪ್ರಸಾರದಲ್ಲಿ.